ಬೇಕಂತಲೇ ಕಾಡಿಗೆ ಬೆಂಕಿ ಹಾಕ್ತಾರೆ, ಹೊಗೆ ಕುಡಿಯೋದು ನಾವು. ಇದರ ಲೆಕ್ಕ ಯಾರ ಹತ್ರ ಇದೆ?

ತಪ್ಪಲುಮನೆ · ಸೋಮವಾರ ರಾತ್ರಿ 9:42

ಸ್ಯಾಕ್ರಮೆಂಟೋದಿಂದ ಪೂರ್ವಕ್ಕೆ, ಸಿಯೆರಾ ಬೆಟ್ಟಗಳ ತಪ್ಪಲಲ್ಲಿ ನಮ್ಮ ಮನೆ. ಅತ್ತೆ ಮೈಸೂರಿನಿಂದ ಬಂದಿದ್ದಾರೆ, ಅವರಿಗೆ ಆಸ್ತಮಾ. ಕಳೆದ ವಾರ ಹಿಂದಿನ ಗುಡ್ಡದಲ್ಲಿ ಹೊಗೆ ಎದ್ದಾಗ ಕಾಡ್ಗಿಚ್ಚೇ ಅಂದುಕೊಂಡು ಪಾಸ್‌ಪೋರ್ಟು, ಮಾತ್ರೆ ಎಲ್ಲ ಬ್ಯಾಗಿಗೆ ತುಂಬಿದ್ದೂ ಆಯ್ತು. ಆಮೇಲೆ ಪಕ್ಕದ ಮನೆಯವರು, "ಗಾಬರಿ ಬೇಡ, ಅವರೇ ಹಚ್ಚಿರೋದು, ಪ್ರಿಸ್ಕ್ರೈಬ್ಡ್ ಬರ್ನ್" ಅಂದರು. ಅಂದ್ರೆ ಮುಂದೆ ದೊಡ್ಡ ಕಾಡ್ಗಿಚ್ಚು ಆಗದಿರಲಿ ಅಂತ ಯೋಜನೆ ಹಾಕಿ ಕಾಡಿನ ಕಸ ಸುಡೋದು.

ಹಗಲೆಲ್ಲ ಏನೂ ತೊಂದರೆ ಇರಲಿಲ್ಲ. ಹೊಗೆ ನೆಟ್ಟಗೆ ಮೇಲೆದ್ದು ಪೂರ್ವಕ್ಕೆ ವಾಲಿಕೊಂಡು ಹೋಯ್ತು. ರಾತ್ರಿ ಹನ್ನೊಂದರ ಮೇಲೆ ಶುರುವಾಯ್ತು ನೋಡಿ. ಬೆಳಗಿನ ಜಾವಕ್ಕೆ ನಮ್ಮ ಕಣಿವೆ ತುಂಬ ಹೊಗೆ. ಕಿಟಕಿ ಹಾಕಿದ್ದರೂ ಹೊದಿಕೆಯಲ್ಲೂ ಕಮಟು ವಾಸನೆ. ಅತ್ತೆ ದಿಂಬಿಗೆ ಒರಗಿ ಕೂತೇ ರಾತ್ರಿ ಕಳೆದರು. ಫೋನ್ ಮಾಡಿ ಕೇಳಿದರೆ "ಪರ್ಮಿಟ್ ಇತ್ತು, ನಿಯಮದ ಪ್ರಕಾರವೇ ಮಾಡಿದ್ದೇವೆ" ಅನ್ನೋ ಉತ್ತರ. ಯಾವ ಕಚೇರಿ ಅಂತ ಬರೆಯಲ್ಲ, ಜಗಳ ನನಗೆ ಬೇಕಿಲ್ಲ.

ಕಾಡು ಸುಡೋದು ಸರಿಯೋ ತಪ್ಪೋ ಅನ್ನೋ ವಾದ ಈಗ ಬೇಡ. ಕಾಡ್ಗಿಚ್ಚು ನುಗ್ಗಿದರೆ ಏನಾಗುತ್ತೆ ಅಂತ, 2018ರಲ್ಲಿ ಪ್ಯಾರಡೈಸ್ ಊರೇ ಸುಟ್ಟುಹೋದದ್ದನ್ನ ನೋಡಿದ ಇಲ್ಲಿರೋರಿಗೆಲ್ಲ ಗೊತ್ತು. ನನಗೆ ಗೊತ್ತಾಗಬೇಕಿರೋದು ಹೊಗೆ ವಿಷಯ ಮಾತ್ರ. ಅದರ ಬಗ್ಗೆ ಯಾರಾದರೂ ಮೊದಲೇ ಯೋಚನೆ ಮಾಡ್ತಾರಾ? ಮಾಡ್ತಾರೆ ಅಂದ್ರೆ ಆ ರಾತ್ರಿ ಯಾಕೆ ಹಾಗಾಯ್ತು?

ಹುಬ್ಬಳ್ಳಿಯಾಂವ · ಸೋಮವಾರ ರಾತ್ರಿ 10:15

ಅಕ್ಕಾರ, ನಮ್ಮ ಕಡೆ ರೈತ ಕಬ್ಬಿನ ರವದಿಗೆ ಕಡ್ಡಿ ಗೀರಿದ್ರ ಪೇಪರಿನಾಗ ಫೋಟೋ ಹಾಕಿ ಬೈತಾರ. ಇಲ್ಲಿ ಹಳದಿ ಅಂಗಿ ಹಾಕ್ಕೊಂಡು, ಡೀಸೆಲ್ಲು ಪೆಟ್ರೋಲು ಕಲಸಿ ಕಾಡಿಗೆ ಸುರುವಿದ್ರ ಅದಕ್ಕ ವಿಜ್ಞಾನ ಅಂತಾರ. 2022ರಾಗ ನ್ಯೂ ಮೆಕ್ಸಿಕೋದಾಗ ಹಿಂಗ ಹಚ್ಚಿದ ಬೆಂಕಿನೇ ಕೈ ಮೀರಿ 3.4 ಲಕ್ಷ ಎಕರೆ ತಿಂದು ಹಾಕ್ತು. ಅರಣ್ಯ ಇಲಾಖೆ ದೊಡ್ಡ ಸಾಹೇಬ್ರು 90 ದಿನ ಎಲ್ಲಾ ಬರ್ನ್ ಬಂದ್ ಮಾಡಿದ್ರು. ಬೆಂಕಿನೇ ಹಿಡಿಯಾಕ ಆಗದವ್ರು ಹೊಗಿ ಹೆಂಗ ಹಿಡಿತಾರ?

ಬೆಂಕಿಪೊಟ್ಟಣ · ಮಂಗಳವಾರ ಬೆಳಿಗ್ಗೆ 7:05

ಹುಬ್ಬಳ್ಳಿಯಣ್ಣ, ನ್ಯೂ ಮೆಕ್ಸಿಕೋದ್ದು ನಿಜ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ತಪ್ಪಲುಮನೆಯವರ ಪ್ರಶ್ನೆ. ನಾನು ರಜೆ ಸಿಕ್ಕಾಗ ನಮ್ಮ ಕೌಂಟಿಯ ಬರ್ನ್ ಅಸೋಸಿಯೇಷನ್ (ಹೀಗೆ ಸುಡೋರ ಸಂಘ) ಜೊತೆ ಹೋಗಿ ಡ್ರಿಪ್ ಟಾರ್ಚ್, ಅಂದ್ರೆ ಉರಿಯೋ ಎಣ್ಣೆ ಹನಿಸೋ ಡಬ್ಬಿ ಹಿಡಿಯೋನು. ಅಂದ್ರೆ ನಿಮ್ಮ ಲೆಕ್ಕದಲ್ಲಿ ಆರೋಪಿ ಪಕ್ಷದವನು. ಅದನ್ನ ಮನಸ್ಸಲ್ಲಿಟ್ಟುಕೊಂಡೇ ಓದಿ.

ಯೋಚನೆ ಮಾಡ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಹತ್ತು ಎಕರೆ ಮೀರಿದ ಬರ್ನ್ ಆದರೆ ಮೊದಲೇ ‘ಸ್ಮೋಕ್ ಮ್ಯಾನೇಜ್‌ಮೆಂಟ್ ಪ್ಲಾನ್’ ಬರೆದು ಕೊಡಬೇಕು. ಹೊಗೆ ಹೋಗೋ ದಿಕ್ಕಿನಲ್ಲಿ ಶಾಲೆ ಯಾವುದು, ಆಸ್ಪತ್ರೆ ಯಾವುದು, ಹೆದ್ದಾರಿ ಎಷ್ಟು ದೂರ, ಯಾವ ಗಾಳಿ ಇದ್ದರೆ ಹಚ್ಚಬಹುದು, ಹೊಗೆ ದಾರಿ ತಪ್ಪಿದರೆ ಏನು ಮಾಡ್ತೀರಿ, ಇಷ್ಟೂ ಅದರಲ್ಲಿ ಇರುತ್ತೆ. ಇದು ಕಾಗದ. ಇದರ ಮೇಲೆ ದಿನದ ತೀರ್ಮಾನ ಬೇರೆ. ರಾಜ್ಯವನ್ನ 15 ಗಾಳಿ ವಲಯಗಳಾಗಿ ಹಂಚಿದ್ದಾರೆ. ರಾಜ್ಯದ ಏರ್ ರಿಸೋರ್ಸಸ್ ಬೋರ್ಡಿನ ಹವಾಮಾನ ತಜ್ಞರು ವಲಯವಾರು ‘ನಾಳೆ ಸುಡಬಹುದು, ಸುಡಬಾರದು’ ಅಂತ ದಿನಾ ಹೇಳ್ತಾರೆ. ಸುಡಬಹುದು ಅಂದಮೇಲೂ ಸ್ಥಳೀಯ ಏರ್ ಡಿಸ್ಟ್ರಿಕ್ಟ್ (ಗಾಳಿ ಮಾಲಿನ್ಯ ನೋಡಿಕೊಳ್ಳೋ ಕಚೇರಿ) ಒಪ್ಪಬೇಕು. ಅಕ್ಕಪಕ್ಕದಲ್ಲಿ ಆಗಲೇ ನಾಲ್ಕು ಕಡೆ ಹೊಗೆ ಎದ್ದಿದ್ದರೆ ನಿಮಗೆ ಇವತ್ತು ಇಲ್ಲ ಅಂತಾರೆ.

ಇವರೆಲ್ಲ ನೋಡೋದು ಮುಖ್ಯವಾಗಿ ಎರಡು ಸಂಖ್ಯೆ. ಒಂದು, ನೆಲದಿಂದ ಎಷ್ಟು ಎತ್ತರದವರೆಗೆ ಗಾಳಿ ಕಲಸಿಕೊಳ್ಳುತ್ತೆ ಅನ್ನೋದು, ಅಂದ್ರೆ ಮಿಕ್ಸಿಂಗ್ ಹೈಟ್. ಇನ್ನೊಂದು, ಆ ಪದರದಲ್ಲಿ ಗಾಳಿ ಎಷ್ಟು ವೇಗವಾಗಿ ಬೀಸ್ತಿದೆ ಅನ್ನೋದು. ಎರಡನ್ನೂ ಗುಣಿಸಿದರೆ ವೆಂಟಿಲೇಷನ್ ಇಂಡೆಕ್ಸ್. ಮಧ್ಯಾಹ್ನ 1500 ಮೀಟರ್ ಎತ್ತರ, ಸೆಕೆಂಡಿಗೆ 5 ಮೀಟರ್ ಗಾಳಿ ಇದ್ದರೆ 7500. ರಾತ್ರಿ ಅದೇ ಜಾಗದಲ್ಲಿ 300 ಮೀಟರ್, ಸೆಕೆಂಡಿಗೆ 1 ಮೀಟರ್ ಆದರೆ ಬರೀ 300. ಬೆಂಕಿ ಅದೇ, ಕಾಡು ಅದೇ, ಹೊಗೆ ಹರಡೋಕೆ ಸಿಗೋ ಜಾಗ ಮಾತ್ರ ಇಪ್ಪತ್ತೈದರಲ್ಲಿ ಒಂದು ಪಾಲು. ದೆಹಲಿಯ ಚಳಿಗಾಲದ ಬುಲೆಟಿನ್‌ಗಳಲ್ಲಿ ನಮ್ಮ ಹವಾಮಾನ ಇಲಾಖೆಯೂ ಇದೇ ಇಂಡೆಕ್ಸ್ ಕೊಡುತ್ತೆ. 6000ಕ್ಕಿಂತ ಕಡಿಮೆ ಇದ್ದು ಗಾಳಿಯೂ ಗಂಟೆಗೆ 10 ಕಿ.ಮೀ. ಒಳಗಿದ್ದರೆ ಮಾಲಿನ್ಯ ಚದುರಲ್ಲ ಅಂತ ಲೆಕ್ಕ.

ಈಗ ನಿಮ್ಮ ರಾತ್ರಿ. ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣ್ಣಗಾಗುತ್ತೆ, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿದ ಹಾಗೆ ಕೂರುತ್ತೆ. ಗುಡ್ಡದ ಮೇಲಿನ ತಣ್ಣನೆ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಹರಿದು ಹಳ್ಳಕ್ಕೆ ಬರುತ್ತೆ, ಜೊತೆಗೆ ಹೊಗೆಯನ್ನೂ ತರುತ್ತೆ. ನೀರು ಹರಿಯೋ ದಾರಿಯೇ ಹೊಗೆಯ ದಾರಿ. ನಿಮ್ಮ ಮನೆ ಆ ಹಳ್ಳದ ಬಾಯಲ್ಲಿ ಇರಬೇಕು.

ಇನ್ನೊಂದು ವಿಷಯ, ಹಗಲು ಜ್ವಾಲೆ ಎದ್ದು ಉರಿಯೋವಾಗಿನ ಹೊಗೆಗೆ ಶಾಖದ ಬಲ ಇರುತ್ತೆ, ತಾನಾಗಿ ಮೇಲೇರುತ್ತೆ. ರಾತ್ರಿ ಉಳಿಯೋದು ದಪ್ಪ ದಿಮ್ಮಿ, ಬೊಡ್ಡೆ, ಸೂಜಿ ಎಲೆ ಕೊಳೆತು ಗಟ್ಟಿಯಾದ ನೆಲದ ಪದರ. ಅವು ಉರಿಯಲ್ಲ, ಬೂದಿ ಮುಚ್ಚಿಕೊಂಡು ಹೊಗೆಯಾಡ್ತಾ ಇರುತ್ತವೆ. ಅಷ್ಟೇ ತೂಕದ ಕಟ್ಟಿಗೆಯಿಂದ ಜ್ವಾಲೆಯಲ್ಲಿ ಬರೋದಕ್ಕಿಂತ ಈ ಮುಸುಗುಡೋ ಬೆಂಕಿಯಲ್ಲಿ ಸಣ್ಣ ಕಣಗಳು ಜಾಸ್ತಿ, ಮೇಲೇರೋ ಬಲ ಕಡಿಮೆ. ಟಿವಿಯಲ್ಲಿ ತೋರಿಸೋದು ಜ್ವಾಲೆ. ನಿಮ್ಮ ಅತ್ತೆಗೆ ತೊಂದರೆ ಕೊಟ್ಟಿದ್ದು ಬೊಡ್ಡೆ.

ತಪ್ಪಲುಮನೆ · ಮಂಗಳವಾರ ಬೆಳಿಗ್ಗೆ 8:30

ಹಳ್ಳದ ಬಾಯಲ್ಲೇ ಇದೆ ಮನೆ, ಸರಿಯಾಗಿ ಹೇಳಿದ್ರಿ. ಹಾಗಾದ್ರೆ "ಪರ್ಮಿಟ್ ಇತ್ತು" ಅನ್ನೋದು ಹಗಲಿನ ಲೆಕ್ಕ ಆಯ್ತಲ್ಲ? ಹಚ್ಚೋದಕ್ಕೆ ಅನುಮತಿ ಕೇಳ್ತಾರೆ, ಆರೋವರೆಗಿನ ಜವಾಬ್ದಾರಿ ಯಾರದ್ದು?

ಬೆಂಕಿಪೊಟ್ಟಣ · ಮಂಗಳವಾರ ಬೆಳಿಗ್ಗೆ 8:52

ಕಾಗದದ ಮೇಲೆ ಹಚ್ಚಿದವರದ್ದೇ. ಆದರೆ ನಿಮ್ಮ ಪ್ರಶ್ನೆ ಸರಿ, ನಮ್ಮವರು ಸೋಲೋದು ಅಲ್ಲೇ. ಹಗಲಿನ ಗಾಳಿ ನೋಡಿ ತೀರ್ಮಾನ ಮಾಡ್ತೀವಿ, ರಾತ್ರಿಯನ್ನ ಅದೃಷ್ಟಕ್ಕೆ ಬಿಡ್ತೀವಿ.

ಒಳ್ಳೆ ಬರ್ನ್ ಬಾಸ್ ಇದ್ದರೆ ಮಾಡೋದು ಬೇರೆ. ಮೇಲಿನ ಹುಲ್ಲು, ಸೂಜಿ ಎಲೆ ಒಣಗಿರಬೇಕು, ಕೆಳಗಿನ ಪದರ, ದಿಮ್ಮಿ ಇನ್ನೂ ಹಸಿ ಇರಬೇಕು. ಆಗ ಬೇಕಾದ್ದು ಸುಡುತ್ತೆ, ಬೇಡವಾದ್ದಕ್ಕೆ ಬೆಂಕಿ ಹಿಡಿಯಲ್ಲ. ಮಧ್ಯಾಹ್ನ ಎರಡು ಮೂರು ಗಂಟೆಗೆಲ್ಲ ಹಚ್ಚೋದು ನಿಲ್ಲಿಸಿಬಿಡಬೇಕು, ಉಳಿದದ್ದು ಬಿಸಿಲಿರೋವಾಗಲೇ ಉರಿದು ಹೋಗಲಿ ಅಂತ. ಊರಿನ ಕಡೆ ಅಂಚಿನಲ್ಲಿರೋ ಬೊಡ್ಡೆಗಳನ್ನ ಸಂಜೆಯೇ ಗುದ್ದಲಿ, ನೀರು ಹಿಡಿದು ಆರಿಸಬೇಕು. ಇದು ಬೇಜಾರಿನ ಕೆಲಸ. ಮೈಯೆಲ್ಲ ಮಸಿ, ಬೊಡ್ಡೆ ಹತ್ರ ಮಣ್ಣು ಕೆದಕಿ ಕೈಗವಸು ತೆಗೆದು ಅಂಗೈ ಹಿಂಭಾಗದಿಂದ ಬಿಸಿ ಇದೆಯಾ ಅಂತ ನೋಡ್ತಾ ಹೋಗೋದು. ಟಾರ್ಚ್ ಹಿಡಿಯೋಕೆ ಎಲ್ಲರೂ ಬರ್ತಾರೆ, ಇದಕ್ಕೆ ಯಾರೂ ಬರಲ್ಲ.

ಕೊಂಬೆ ರಾಶಿ ಸುಡೋದಾದ್ರೆ ಮಳೆಗಾಲಕ್ಕೆ ಮೊದಲೇ ರಾಶಿ ಮೇಲೆ ಹಾಳೆ ಹೊದಿಸಿ ಒಣಗಿಸಿಟ್ಟಿರಬೇಕು. ಒಣಗಿದ ರಾಶಿ ಧಗಧಗ ಉರಿದು ಮುಗಿಯುತ್ತೆ, ನೆನೆದ ರಾಶಿ ದಿನಗಟ್ಟಲೆ ಹೊಗೆಯಾಡುತ್ತೆ. ಹುಬ್ಬಳ್ಳಿಯಣ್ಣ ಹೇಳಿದ ನ್ಯೂ ಮೆಕ್ಸಿಕೋ ಬೆಂಕಿಯಲ್ಲಿ ಒಂದರ್ಧ ಹುಟ್ಟಿದ್ದೇ ಜನವರಿಯಲ್ಲಿ ಸುಟ್ಟ ರಾಶಿಯಿಂದ. ಹಿಮದ ಕೆಳಗೆ ಕೆಂಡ ಏಪ್ರಿಲ್‌ವರೆಗೆ ಉಳಿದುಕೊಂಡಿತ್ತು. ಹೊಗೆ ಬೇಡ ಅಂತ ಕೆಂಡ ಆರಿಸೋದೂ, ಬೆಂಕಿ ಓಡದ ಹಾಗೆ ಕೆಂಡ ಆರಿಸೋದೂ ಒಂದೇ ಕೆಲಸ.

ಆದರೆ ಒಂದು ನಿಜವಾದ ಇಕ್ಕಟ್ಟಿದೆ, ಅದನ್ನ ಮುಚ್ಚಿಡಬಾರದು. ಗಾಳಿ ಇಲ್ಲದ, ತಂಪಾದ, ತೇವದ ದಿನ ಬೆಂಕಿ ಹಿಡಿತದಲ್ಲಿ ಇರುತ್ತೆ. ಆ ದಿನವೇ ಹೊಗೆ ಎಲ್ಲೂ ಹೋಗದೆ ಊರ ಮೇಲೆ ಕೂರೋದು. ಹೊಗೆ ಚೆನ್ನಾಗಿ ಚದುರೋ ದಿನ ಅಂದ್ರೆ ಬಿಸಿಲು, ಗಾಳಿ. ಆ ದಿನ ಬೆಂಕಿ ಓಡಿಹೋಗೋ ಭಯ. ಎರಡಕ್ಕೂ ಒಗ್ಗೋ ದಿನಗಳು ವರ್ಷದಲ್ಲಿ ಬಹಳ ಕಡಿಮೆ. ಆ ಕೆಲವೇ ದಿನಗಳಿಗೆ ಎಲ್ಲರೂ ಮುಗಿಬೀಳ್ತಾರೆ, ಒಂದೇ ಕಣಿವೆಯಲ್ಲಿ ಒಂದೇ ದಿನ ಎಲ್ಲರ ಹೊಗೆ ಸೇರುತ್ತೆ. ಕ್ಯಾಲಿಫೋರ್ನಿಯಾ 2025ಕ್ಕೆ ವರ್ಷಕ್ಕೆ 4 ಲಕ್ಷ ಎಕರೆ ಸುಡೋ ಗುರಿ ಹಾಕಿಕೊಂಡಿತ್ತು. ಅಷ್ಟನ್ನ ಸುಡೋಕೆ ಒಳ್ಳೆ ದಿನಗಳನ್ನ ಎಲ್ಲಿಂದ ತರೋದು ಅನ್ನೋದೇ ನಮ್ಮ ಮೀಟಿಂಗ್‌ಗಳ ಅರ್ಧ ಮಾತು.

ಸಿಡ್ನಿಸೊಸೆ · ಮಂಗಳವಾರ ಮಧ್ಯಾಹ್ನ 12:20

ಓದ್ತಾ ಇದ್ದೆ, ಸುಮ್ಮನಿರೋಕಾಗಲಿಲ್ಲ. ನಾನು ಇಲ್ಲಿ ನರ್ಸ್. 2016ರ ಮೇ ತಿಂಗಳಲ್ಲಿ ಸಿಡ್ನಿ ಸುತ್ತ ಹೀಗೇ ಹಜಾರ್ಡ್ ರಿಡಕ್ಷನ್ ಅಂತ ಸುಟ್ಟರು. ಮೇ ಇಲ್ಲಿ ಶರತ್ಕಾಲ, ತಣ್ಣನೆ ರಾತ್ರಿ, ಗಾಳಿ ಇಲ್ಲ. ದಿನಗಟ್ಟಲೆ ಊರ ಮೇಲೆ ಹೊಗೆ. ಆಮೇಲೆ ಸಂಶೋಧಕರು ಲೆಕ್ಕ ಹಾಕಿದಾಗ ಆ ಹೊಗೆಯಿಂದ 14 ಮಂದಿ ಅಕಾಲಿಕವಾಗಿ ಸತ್ತಿರಬಹುದು ಅಂತ ಬಂತು. ಹೃದಯದ ತೊಂದರೆ, ಉಸಿರಾಟದ ತೊಂದರೆ ಅಂತ ಆಸ್ಪತ್ರೆ ಸೇರಿದವರು ಬೇರೆ. ಆ 14 ಮಂದಿಯ ಹೆಸರು ಯಾರಿಗೂ ಗೊತ್ತಿಲ್ಲ, ಗೊತ್ತಾಗೋದೂ ಇಲ್ಲ. ಅಂಕಿಅಂಶದಲ್ಲಿ ಮಾತ್ರ ಕಾಣೋ ಸಾವು ಅವು. ಅದಕ್ಕೇ ಯಾರೂ ಹೊಣೆ ಹೊರಲ್ಲ.

ಹುಬ್ಬಳ್ಳಿಯಾಂವ · ಮಂಗಳವಾರ ಮಧ್ಯಾಹ್ನ 12:41

ನೋಡ್ರಿ. ನಾ ಅದನ್ನ ಹೇಳಿದ್ದು.

ಬೆಂಕಿಪೊಟ್ಟಣ · ಮಂಗಳವಾರ ಮಧ್ಯಾಹ್ನ 1:10

ಸಿಡ್ನಿಸೊಸೆ ಅವರೇ, ಆ ಲೆಕ್ಕ ನಿಜ. ಅದರ ಪಕ್ಕ ಇನ್ನೊಂದು ಲೆಕ್ಕವನ್ನೂ ನೀವೇ ಬರೆಯಬೇಕಿತ್ತು. 2019-20ರ ಬ್ಲ್ಯಾಕ್ ಸಮ್ಮರ್, ಆಸ್ಟ್ರೇಲಿಯಾದ ಆ ಭಾರಿ ಕಾಡ್ಗಿಚ್ಚಿನ ಬೇಸಿಗೆ.

ಸಿಡ್ನಿಸೊಸೆ · ಮಂಗಳವಾರ ಮಧ್ಯಾಹ್ನ 1:34

ಬರೀತೀನಿ. ಆ ಬೇಸಿಗೆಯ ಹೊಗೆಗೆ ಪೂರ್ವ ಆಸ್ಟ್ರೇಲಿಯಾದಲ್ಲಿ 417 ಹೆಚ್ಚುವರಿ ಸಾವು ಅಂತ ಅಂದಾಜು. ನಾನೇ ವಾರ್ಡ್‌ನಲ್ಲಿ ಇದ್ದೆ, ಒಳಗೆಲ್ಲ ಹೊಗೆ ವಾಸನೆ. ಆದರೆ 14ನ್ನ 417ರ ಪಕ್ಕ ಇಟ್ಟು "ನೋಡಿ ಕಡಿಮೆ" ಅನ್ನೋದಕ್ಕೆ ನನಗೆ ಒಪ್ಪಿಗೆ ಇಲ್ಲ. ಒಂದು ಕೆಲವು ದಿನ, ಒಂದು ನಗರ. ಇನ್ನೊಂದು ತಿಂಗಳುಗಟ್ಟಲೆ, ಅರ್ಧ ದೇಶ. ನೀವು ಇವತ್ತು ಸುಟ್ಟ ಜಾಗಕ್ಕೇ ನಾಳೆ ಕಾಡ್ಗಿಚ್ಚು ಬರುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ. ಬರದೇ ಹೋದರೆ ಆ ಹೊಗೆ ಕುಡಿದದ್ದು ದಂಡ. ಹಾಗಂತ ಸುಡಬೇಡಿ ಅಂತಿಲ್ಲ. "ದೊಡ್ಡ ಹೊಗೆ ತಪ್ಪಿಸೋಕೆ ಸಣ್ಣ ಹೊಗೆ" ಅನ್ನೋ ಮಾತನ್ನ ಸಣ್ಣ ಹೊಗೆಯನ್ನ ಅಳೆಯದೇ ಇರೋಕೆ ನೆಪ ಮಾಡ್ಕೋಬೇಡಿ ಅಂತಿದ್ದೀನಿ.

ಬೆಂಕಿಪೊಟ್ಟಣ · ಮಂಗಳವಾರ ಮಧ್ಯಾಹ್ನ 1:50

ಈ ಮಾತಿಗೆ ನನ್ನ ಹತ್ರ ಎದುರು ಉತ್ತರ ಇಲ್ಲ.

ಅಂಕಿಗೋಪಾಲ · ಮಂಗಳವಾರ ಸಂಜೆ 5:15

ಅಳೆಯೋ ಮಾತು ಬಂತಲ್ಲ, ನನ್ನದೂ ಎರಡು ಮಾತು. ಪೋರ್ಟ್‌ಲ್ಯಾಂಡಲ್ಲಿ ಇರೋನು.

ಆರೆಗಾನ್‌ನಲ್ಲಿ ಮೊದಲು ಊರೊಳಗೆ ನೆಲಮಟ್ಟಕ್ಕೆ ಹೊಗೆ ಬಂದರೆ ಸಾಕು, ಎಷ್ಟೇ ಕಡಿಮೆ ಇರಲಿ, ತಪ್ಪು ಅಂತ ದಾಖಲಾಗ್ತಿತ್ತು. 2019ರಲ್ಲಿ ನಿಯಮ ಬದಲಾಯ್ತು. ಈಗ 24 ಗಂಟೆ ಸರಾಸರಿ ಪಿಎಂ 2.5 (ಶ್ವಾಸಕೋಶದ ಆಳಕ್ಕೆ ಇಳಿಯೋ ಸಣ್ಣ ಕಣ) ಘನ ಮೀಟರಿಗೆ 26 ಮೈಕ್ರೋಗ್ರಾಂ, ಅಥವಾ ಒಂದು ಗಂಟೆ ಸರಾಸರಿ 70 ದಾಟಿದರೆ ಮಾತ್ರ ‘ಹೊಗೆ ನುಗ್ಗಿದೆ’ ಅಂತ ಲೆಕ್ಕ. ಸುಡೋರು ಖುಷಿಪಟ್ಟರು, ಆಸ್ತಮಾ ಇರೋರು ಗೊಣಗಿದರು. ನನ್ನ ಪ್ರಕಾರ ಅದರಲ್ಲಿ ಒಂದು ಒಳ್ಳೇದಾಯ್ತು, ಒಂದು ಗಂಟೆಯ ಮಿತಿ ಅಂತ ಒಂದು ಬಂತು. ತಪ್ಪಲುಮನೆಯವರ ರಾತ್ರಿಯನ್ನ 24 ಗಂಟೆಗೆ ಸರಾಸರಿ ಮಾಡಿದರೆ ಹಗಲಿನ ಶುದ್ಧ ಗಾಳಿ ಸೇರಿ "ಪರವಾಗಿಲ್ಲ" ಅಂತಲೇ ಬರುತ್ತೆ. ಅತ್ತೆಯವರು ಉಸಿರಾಡೋದು ಸರಾಸರಿ ಗಾಳಿಯನ್ನಲ್ಲ.

ಕೇಂದ್ರದ ಮಾನದಂಡ 24 ಗಂಟೆಗೆ 35. ವಾರ್ಷಿಕದ್ದು 12 ಇತ್ತು, 2024ರ ಫೆಬ್ರುವರಿಯಲ್ಲಿ 9ಕ್ಕೆ ಇಳಿಸಿದರು. ಅದು ಇಳಿದಷ್ಟೂ ಕಾಡು ಸುಡೋರಿಗೂ ಗಾಳಿ ಕಾಯೋರಿಗೂ ತಿಕ್ಕಾಟ ಜಾಸ್ತಿ. ಇಲ್ಲೊಂದು ಒಳದಾರಿ ಇದೆ. 2016ರ ‘ಎಕ್ಸೆಪ್ಷನಲ್ ಈವೆಂಟ್ಸ್’ ನಿಯಮದ ಪ್ರಕಾರ ಕಾಡ್ಗಿಚ್ಚಿನ ಹೊಗೆ ಬಂದ ದಿನಗಳನ್ನ ರಾಜ್ಯ ತನ್ನ ಲೆಕ್ಕದಿಂದ ಬಿಡಿಸಿಕೊಳ್ಳಬಹುದು. ಬೇಕಂತ ಹಚ್ಚಿದ ಬೆಂಕಿಯ ಹೊಗೆಯನ್ನೂ ಬಿಡಿಸಿಕೊಳ್ಳಬಹುದು, ಆದರೆ ಹೊಗೆ ನಿರ್ವಹಣೆಯ ಕ್ರಮಗಳನ್ನ ಪಾಲಿಸಿದ್ದೇವೆ ಅಂತ ತೋರಿಸಬೇಕು.

ಹುಬ್ಬಳ್ಳಿಯಾಂವ · ಮಂಗಳವಾರ ಸಂಜೆ 5:30

ಅಂದ್ರ ಹೊಗಿ ಮೂಗಿನಾಗ ಐತಿ, ಲೆಕ್ಕದಾಗ ಇಲ್ಲ. ಭಾರಿ ಛಲೋ ಐತಿ ಬಿಡ್ರಿ.

ಅಂಕಿಗೋಪಾಲ · ಮಂಗಳವಾರ ಸಂಜೆ 5:48

ನಗು ಬಂತು, ಆದರೆ ತಪ್ಪಿಲ್ಲ ನಿಮ್ಮ ಮಾತು. ಇನ್ನೂ ವಿಚಿತ್ರ ಅಂದ್ರೆ, ಕಾಡ್ಗಿಚ್ಚಿನ ಹೊಗೆ ಬಿಡಿಸೋದು ಸುಲಭ, ಜಾಗ್ರತೆಯಿಂದ ಸುಟ್ಟವನ ಹೊಗೆ ಬಿಡಿಸೋಕೆ ಕಾಗದ ಜಾಸ್ತಿ. ಏನೂ ಮಾಡದೆ ಕಾಡನ್ನ ಹಾಗೇ ಬಿಟ್ಟವನಿಗೆ ತಲೆನೋವು ಕಡಿಮೆ.

ತಪ್ಪಲುಮನೆಯವರೇ, ಕಾಯಬೇಡಿ, ಮನೆ ಹೊರಗೆ ಗಾಳಿಯ ಸಣ್ಣ ಕಣ ಅಳೆಯೋ ಒಂದು ಪರ್ಪಲ್‌ಏರ್ ಸೆನ್ಸರ್ ಹಾಕಿ. ಮರದ ಹೊಗೆಗೆ ಅದು ಹೆಚ್ಚಾಗಿ ತೋರಿಸುತ್ತೆ, ಆದ್ದರಿಂದ ಅದರ ಹಸಿ ಸಂಖ್ಯೆ ಹಿಡಿದು ಯಾರ ಜೊತೆಗೂ ವಾದ ಮಾಡಬೇಡಿ. ಸರ್ಕಾರದ ಏರ್‌ನೌ ವೆಬ್‌ಸೈಟಿನ ‘ಫೈರ್ ಅಂಡ್ ಸ್ಮೋಕ್’ ನಕ್ಷೆಯಲ್ಲಿ ಅದೇ ಸೆನ್ಸರಿನ ಸಂಖ್ಯೆಯನ್ನ ತಿದ್ದಿ ತೋರಿಸ್ತಾರೆ, ಅದನ್ನ ಗಂಟೆವಾರು ಬರೆದಿಡಿ. ಮುಂದಿನ ಸಲ ಫೋನ್ ಮಾಡುವಾಗ "ತುಂಬಾ ಹೊಗೆ" ಅನ್ನೋ ಬದಲು "ರಾತ್ರಿ ಎರಡರಿಂದ ಆರರವರೆಗೆ ಇಷ್ಟಿತ್ತು" ಅಂದರೆ ಆ ಕಡೆಯವರ ದನಿಯೇ ಬದಲಾಗುತ್ತೆ. ಇನ್ನೊಂದು ಸೆನ್ಸರ್ ಮನೆ ಒಳಗೂ ಇದ್ದರೆ ಒಳ್ಳೇದು. ನಮ್ಮನೇಲಿ ಒಗ್ಗರಣೆಗೆ ಒಣಮೆಣಸು ಬಿದ್ದ ಕ್ಷಣ ಅದು ಕೆಂಪಾಗುತ್ತೆ, ಅದು ಬೇರೆ ಕತೆ.

ಟಾಲಹಾಸಿಟೀಚರ್ · ಬುಧವಾರ ಬೆಳಿಗ್ಗೆ 6:40

ನೀವೆಲ್ಲ ಪಶ್ಚಿಮದವರು ಇದನ್ನ ಹೊಸದಾಗಿ ಕಂಡುಹಿಡಿದ ಹಾಗೆ ಮಾತಾಡ್ತೀರಿ. ನಮ್ಮ ಫ್ಲೋರಿಡಾದಲ್ಲಿ ವರ್ಷಕ್ಕೆ 20 ಲಕ್ಷ ಎಕರೆ ಆಸುಪಾಸಿಗೆ ಸುಡೋ ಅನುಮತಿ ಕೊಡ್ತಾರೆ. ಟಾಲಹಾಸಿ ಹತ್ರ ಟಾಲ್ ಟಿಂಬರ್ಸ್ ಸಂಶೋಧನಾ ಕೇಂದ್ರ 1958ರಿಂದ ಇದನ್ನೇ ಓದ್ತಾ ಕೂತಿದೆ. ವಸಂತ ಬಂತು ಅಂದ್ರೆ ಪೈನ್ ತೋಪುಗಳಲ್ಲಿ ಹೊಗೆ. ಎರಡು ಮೂರು ವರ್ಷಕ್ಕೊಮ್ಮೆ ಅದೇ ಜಾಗ ಸುಡೋದರಿಂದ ನೆಲದ ಮೇಲೆ ಕಸ ಕೂಡೋದೇ ಕಡಿಮೆ, ಒಂದೊಂದು ಬರ್ನ್‌ನ ಹೊಗೆಯೂ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ನೂರು ವರ್ಷ ಬೆಂಕಿ ಆರಿಸ್ತಾ ಬಂದು, ಕೂಡಿದ ಕಸಕ್ಕೆ ಈಗ ಮೊದಲ ಸಲ ಹಚ್ಚೋದು. ಮೊದಲ ಬೆಂಕಿಯ ಹೊಗೆ ಯಾವಾಗಲೂ ಕೆಟ್ಟದ್ದು.

ನಮ್ಮಲ್ಲಿ ಹೊಗೆಯ ಭಯ ಶ್ವಾಸಕೋಶಕ್ಕಿಂತ ಮೊದಲು ರಸ್ತೆಯದ್ದು. ತೇವದ ರಾತ್ರಿ, ಹೊಗೆಯೂ ಮಂಜೂ ಸೇರಿದರೆ ಮುಂದಿನ ಕಾರಿನ ಬಾನೆಟ್ಟೂ ಕಾಣಲ್ಲ. 2008ರ ಜನವರಿಯಲ್ಲಿ ಐ-4 ಹೆದ್ದಾರಿಯಲ್ಲಿ 70ರಷ್ಟು ವಾಹನ ಒಂದಕ್ಕೊಂದು ಗುದ್ದಿದವು, ಜನ ಸತ್ತರು. ಹಿಂದಿನ ದಿನ ಹಚ್ಚಿದ ಬರ್ನ್ ಕೈಮೀರಿ ಹೊಗೆಯಾಡ್ತಿತ್ತು. ಅಂದಿನಿಂದ ರಾತ್ರಿ ಮುನ್ಸೂಚನೆ ನೋಡದೆ ಹೆದ್ದಾರಿ ಪಕ್ಕ ಕಡ್ಡಿ ಗೀರೋಕೆ ಯಾರಿಗೂ ಧೈರ್ಯ ಇಲ್ಲ. ನಿಮ್ಮ ಕಡೆಯವರು ರಾತ್ರಿಯ ಪಾಠ ಇನ್ನೂ ಕಲೀತಿದ್ದಾರೆ ಅನ್ಸುತ್ತೆ.

ಪಕ್ಕದ ಜಾರ್ಜಿಯಾದಲ್ಲಿ ಇನ್ನೊಂದು ಥರ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ 54 ಕೌಂಟಿಗಳಲ್ಲಿ ಬಯಲಲ್ಲಿ ಸುಡೋದಕ್ಕೆ ನಿಷೇಧ. ಅದು ಬೆಂಕಿ ಭಯಕ್ಕಲ್ಲ, ಬೇಸಿಗೆ ಬಿಸಿಲಲ್ಲಿ ಹೊಗೆಯಿಂದ ನೆಲಮಟ್ಟದಲ್ಲಿ ಉಸಿರಿಗೆ ಕೆಟ್ಟದಾದ ಓಝೋನ್ ಏರುತ್ತೆ ಅಂತ.

ಯಳಂದೂರುಕಡೆ · ಬುಧವಾರ ರಾತ್ರಿ 8:05 (ಭಾರತ)

ನಮಸ್ಕಾರ. ಅಮೆರಿಕದ ಮಾತಿನ ಮಧ್ಯೆ ನಾನು ಬಾಯಿ ಹಾಕಬಹುದೋ ಗೊತ್ತಿಲ್ಲ. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ನಮ್ಮೂರು. ನೀವು ಹೇಳೋ ಪ್ರಿಸ್ಕ್ರೈಬ್ಡ್ ಬರ್ನ್ ನಮ್ಮ ಸೋಲಿಗರಿಗೆ ತರಗು ಬೆಂಕಿ. ಬೇಸಿಗೆ ಏರೋಕೆ ಮುಂಚೆ, ತರಗೆಲೆ ಒಣಗಿ ನೆಲದಲ್ಲಿ ಇನ್ನೂ ಪಸೆ ಇರೋವಾಗ ಹಾಕ್ತಿದ್ದರು. ಮೊಣಕಾಲು ಮಟ್ಟಕ್ಕೂ ಬರದ ಬೆಂಕಿ. ಮರಕ್ಕೆ ಏನೂ ಆಗ್ತಿರಲಿಲ್ಲ, ಲಂಟಾನ ಸಸಿ ಸಾಯ್ತಿತ್ತು, ನೆಲ್ಲಿ ಮರದ ಮೇಲೆ ಹತ್ತೋ ಉಪ್ಪಿಲು (ಬಂದಳಿಕೆ) ಹಿಡಿತದಲ್ಲಿ ಇರ್ತಿತ್ತು ಅಂತ ಪೋಡಿನ (ಸೋಲಿಗರ ಹಾಡಿಯ) ಹಿರಿಯರು ಹೇಳ್ತಾರೆ. ಪರಿಸರ ಸಂಶೋಧನೆ ಮಾಡೋ ಏಟ್ರೀ ಸಂಸ್ಥೆಯವರೂ ಇದನ್ನ ಬರೆದಿದ್ದಾರೆ. 1974ರಲ್ಲಿ ಅಭಯಾರಣ್ಯ ಆದಮೇಲೆ ಅದೆಲ್ಲ ನಿಂತಿತು.

ಬೆಂಕಿಪೊಟ್ಟಣ ಅವರು ಹೇಳಿದ "ಮೇಲೆ ಒಣ, ಕೆಳಗೆ ಹಸಿ" ಅನ್ನೋದು ಓದಿದಾಗ ಇವರಿಗೆ ಇದೆಲ್ಲ ಸಂಖ್ಯೆ ಇಲ್ಲದೇ ಗೊತ್ತಿತ್ತಲ್ಲ ಅನ್ನಿಸಿತು.

ಈಗ ಇಲಾಖೆಯವರು ಬೇಸಿಗೆಗೆ ಮೊದಲು ಬೆಂಕಿ ರೇಖೆ ಸುಡ್ತಾರೆ, ಊಟಿ ರಸ್ತೆಯ ಎರಡೂ ಬದಿ ಕರ್ರಗೆ ಕಾಣೋದು ಅದೇ. ಅದಾಗಿಯೂ 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಸುಟ್ಟು, ವಾಯುಪಡೆಯ ಹೆಲಿಕಾಪ್ಟರ್ ತರಿಸಿ ನೀರು ಸುರಿಸಿದರು. ಆ ಹೊಗೆ ನಮ್ಮ ಊರಿನವರು ಕುಡಿದದ್ದಕ್ಕೆ ಸಂಖ್ಯೆ ಇಲ್ಲ. ಚಾಮರಾಜನಗರ ಪಟ್ಟಣದಲ್ಲಿ ಮಾಲಿನ್ಯ ಮಂಡಳಿಯ ಮಾಪನ ಕೇಂದ್ರ ಇದೆ. ಬೆಟ್ಟದ ಮೇಲಿನ ಪೋಡುಗಳ ಗಾಳಿ ಅದಕ್ಕೆ ಗೊತ್ತಾಗಲ್ಲ. ಉಪಗ್ರಹದಿಂದ ಬೆಂಕಿ ಎಚ್ಚರಿಕೆ ಬರುತ್ತೆ, ಆದರೆ ಅದಕ್ಕೆ ಕಾಣೋದು ಬೆಂಕಿ, ಹೊಗೆ ಯಾರ ಮನೆಗೆ ಹೋಯ್ತು ಅನ್ನೋದಲ್ಲ. ನಮ್ಮ ದೇಶದ ಮಾನದಂಡವೂ ದಿನಕ್ಕೆ 60, ನಿಮ್ಮದು 35, ವಿಶ್ವ ಆರೋಗ್ಯ ಸಂಸ್ಥೆ 15 ಅನ್ನುತ್ತೆ. ಒಂದೇ ಹೊಗೆ ಅಲ್ಲಿ ತಪ್ಪು, ಇಲ್ಲಿ ಪಾಸು.

ಬೆಂಕಿಪೊಟ್ಟಣ · ಬುಧವಾರ ಬೆಳಿಗ್ಗೆ 9:20

ಯಳಂದೂರಿನವರೇ, ಬಾಯಿ ಹಾಕಿದ್ದು ಒಳ್ಳೇದಾಯ್ತು. ಇಲ್ಲೂ ಅದೇ ಕತೆ. ಇಲ್ಲಿನ ಮೂಲನಿವಾಸಿಗಳಾದ ಕರುಕ್, ಯುರೋಕ್ ಜನ ಸಾವಿರಾರು ವರ್ಷದಿಂದ ಸುಡ್ತಿದ್ದದ್ದನ್ನ ಅಪರಾಧ ಮಾಡಿ, ಈಗ ಅವರನ್ನೇ ಕರೆದು ಹೇಳಿಕೊಡಿ ಅಂತಿದ್ದಾರೆ. ಒಂದು ಪ್ರಶ್ನೆ: ಇವತ್ತು ತರಗು ಬೆಂಕಿಗೆ ಅನುಮತಿ ಕೊಟ್ಟರೆ ನೇರವಾಗಿ ಶುರು ಮಾಡಬಹುದಾ?

ಯಳಂದೂರುಕಡೆ · ಬುಧವಾರ ರಾತ್ರಿ 10:50 (ಭಾರತ)

ಆಗಲ್ಲ ಸಾರ್. ಈಗ ಎಷ್ಟೋ ಕಡೆ ಲಂಟಾನ ಆಳೆತ್ತರ ಬೆಳೆದು ಮರದ ಕೊಂಬೆ ಮುಟ್ಟಿದೆ. ಅದಕ್ಕೆ ಬೆಂಕಿ ತಗುಲಿದರೆ ತರಗು ಬೆಂಕಿ ಆಗಿ ಉಳಿಯಲ್ಲ, ಏಣಿ ಹತ್ತಿದ ಹಾಗೆ ಮೇಲಕ್ಕೆ ಹೋಗುತ್ತೆ. ಮೊದಲು ಲಂಟಾನ ಬೇರುಸಮೇತ ಕೀಳಬೇಕು. ಲಂಟಾನದಲ್ಲಿ ಕುರ್ಚಿ ಮೇಜು ಮಾಡೋ ಸೋಲಿಗರಿದ್ದಾರೆ, ಕಿತ್ತದ್ದರಲ್ಲಿ ಒಂದಿಷ್ಟು ಅಲ್ಲಿಗೆ ಹೋಗುತ್ತೆ. ಹಾಗೆ ಹೊರಗೆ ಹೋದಷ್ಟೂ ಹೊಗೆ ಕಡಿಮೆ ಅಲ್ವಾ?

ಅಂಕಿಗೋಪಾಲ · ಬುಧವಾರ ಬೆಳಿಗ್ಗೆ 10:45

ಹೌದು. ಸುಡೋಕೆ ಮುಂಚೆ ಏನು ಹೊರಗೆ ತೆಗೆದಿರಿ ಅನ್ನೋದೇ ಹೊಗೆ ಲೆಕ್ಕದ ದೊಡ್ಡ ಭಾಗ. ಇಲ್ಲಿ ಕೆಲವೆಡೆ ದಿಮ್ಮಿಗಳನ್ನ ಚೂರು ಮಾಡ್ತಾರೆ, ಕೆಲವೆಡೆ ‘ಏರ್ ಕರ್ಟನ್ ಬರ್ನರ್’ ಅನ್ನೋ ದೊಡ್ಡ ಪೆಟ್ಟಿಗೆಯಲ್ಲಿ ಮೇಲಿಂದ ಗಾಳಿ ಊದಿ ಸುಡ್ತಾರೆ, ಹೊಗೆ ಮತ್ತೆ ಉರಿದು ಬಹಳ ಕಡಿಮೆ ಆಚೆ ಬರುತ್ತೆ. ಖರ್ಚು ಜಾಸ್ತಿ, ರಸ್ತೆ ಇರೋ ಕಡೆ ಮಾತ್ರ ಸಾಧ್ಯ.

ತಪ್ಪಲುಮನೆ · ಬುಧವಾರ ರಾತ್ರಿ 9:10

ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಆ ಕಚೇರಿಗೆ ಕಾಗದ ಬರೀತಿದ್ದೀನಿ. ಸುಡಬೇಡಿ ಅಂತ ಬರೆಯಲ್ಲ. ಕೇಳೋದು ಇಷ್ಟು: ಸುಡೋ ಹಿಂದಿನ ದಿನ ಹಳ್ಳದ ಉದ್ದಕ್ಕೂ ಇರೋ ಮನೆಗಳಿಗೆ ಮೆಸೇಜ್ ಕಳಿಸ್ತೀರಾ? ಹಚ್ಚೋದನ್ನ ಎಷ್ಟು ಗಂಟೆಗೆ ನಿಲ್ಲಿಸ್ತೀರಿ? ರಾತ್ರಿಯ ಮುನ್ಸೂಚನೆ ನೋಡಿದ್ರಾ, ಅದರಲ್ಲಿ ಏನಿತ್ತು? ನಮ್ಮ ಕಡೆ ಅಂಚಿನ ಬೊಡ್ಡೆಗಳನ್ನ ಆರಿಸೋಕೆ ಎಷ್ಟು ಜನ ಇಟ್ಟಿದ್ರಿ? ಬೇರೆ ಏನಾದರೂ ಸೇರಿಸಬೇಕಾ?

ಸಿಡ್ನಿಸೊಸೆ · ಗುರುವಾರ ಬೆಳಿಗ್ಗೆ

ರಾತ್ರಿ ಎರಡು ಗಂಟೆಗೆ ಫೋನ್ ಎತ್ತೋ ನಂಬರ್ ಕೇಳಿ. ಮೆಸೇಜ್ ಮುಖ್ಯ ನಿಜ, ಆಸ್ತಮಾ ಇರೋರಿಗೆ ಒಂದು ದಿನ ಮೊದಲು ಗೊತ್ತಾದರೆ ಬೇರೆ ಕಡೆ ಹೋಗಿ ಮಲಗಬಹುದು. ಅದಕ್ಕಿಂತ ಅಗ್ಗದ ಔಷಧ ಇಲ್ಲ.

ಮನೆಯಲ್ಲಿ ಒಂದು ಕೋಣೆ ಆರಿಸಿಕೊಳ್ಳಿ, ಅತ್ತೆ ಮಲಗೋ ಕೋಣೆಯೇ ಆಗಲಿ. ಸಣ್ಣ ಕಣ ಹಿಡಿಯೋ ಹೆಪಾ ಫಿಲ್ಟರ್ ಇರೋ ಪ್ಯೂರಿಫೈಯರ್ ಇಡಿ. ಅದು ದುಬಾರಿ ಅನ್ನಿಸಿದರೆ ಹೊಸ ಬಾಕ್ಸ್ ಫ್ಯಾನಿಗೆ ಮರ್ವ್ 13 ದರ್ಜೆಯ ಗಾಳಿ ಫಿಲ್ಟರ್ ಟೇಪ್ ಹಾಕಿ ಅಂಟಿಸಿದರೂ ಕೆಲಸ ನಡೆಯುತ್ತೆ. ಹಳೇ ಫ್ಯಾನ್ ಬೇಡ. ಕಿಟಕಿ ಸಂಜೆಯೇ ಹಾಕಿ, ವಾಸನೆ ಬಂದಮೇಲಲ್ಲ. ಆ ದಿನ ಊದಿನಕಡ್ಡಿ, ಕರಿಯೋದು ಎಲ್ಲ ಬಿಡಿ. ಬೆಳಿಗ್ಗೆ ಬಿಸಿಲೇರಿ ಹೊಗೆ ಎದ್ದ ಮೇಲೆ ಕಿಟಕಿ ಪೂರ್ತಿ ತೆಗೆದು ಗಾಳಿ ಆಡಿಸಿ, ಇದನ್ನ ಬಹಳ ಜನ ಮರೀತಾರೆ. ಹೊರಗೆ ಹೋಗಲೇಬೇಕಾದ್ರೆ ಎನ್95, ಬಟ್ಟೆ ಮಾಸ್ಕ್ ಹೊಗೆಗೆ ಲೆಕ್ಕಕ್ಕಿಲ್ಲ. ಇನ್‌ಹೇಲರ್ ಪ್ರಮಾಣದ ಬಗ್ಗೆ ಅವರ ವೈದ್ಯರನ್ನ ಈಗಲೇ ಕೇಳಿಟ್ಟುಕೊಳ್ಳಿ, ಆ ರಾತ್ರಿ ಮೈಸೂರಿಗೆ ಫೋನ್ ಮಾಡಿ ಹುಡುಕಾಡೋದು ಬೇಡ.

ಹುಬ್ಬಳ್ಳಿಯಾಂವ · ಗುರುವಾರ ಬೆಳಿಗ್ಗೆ 8:00

ಅಕ್ಕಾರ, ಕಾಗದದಾಗ ಒಂದು ಸಾಲು ನಂದೂ ಹಾಕ್ರಿ: ಸುಟ್ಟ ಮರುದಿನ, ಯಾವ ಮನಿ ಹತ್ರ ಎಷ್ಟು ಹೊಗಿ ಇತ್ತು ಅಂತ ಅವರ ವೆಬ್‌ಸೈಟಿನಾಗ ಅವರ ಹಾಕ್ಬೇಕು. ಎಷ್ಟು ಎಕರೆ ಸುಟ್ವಿ ಅಂತ ಫೋಟೋ ಸಮೇತ ಹಾಕ್ತಾರಲ್ಲ, ಅದರ ಬಾಜೂಕ.

ಬೆಂಕಿಪೊಟ್ಟಣ · ಗುರುವಾರ ಬೆಳಿಗ್ಗೆ 8:25

ಅದನ್ನ ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ನಾನೇ ಇಡ್ತೀನಿ. ಮುಂದಿನ ಬರ್ನ್‌ಗೆ ಹಳ್ಳದ ಕೆಳಗೆ ಎರಡು ಸೆನ್ಸರ್ ಇಡೋಕೆ ಅಂಕಿಗೋಪಾಲ ಸಹಾಯ ಮಾಡ್ತೀನಿ ಅಂದಿದ್ದಾರೆ. ಹುಬ್ಬಳ್ಳಿಯಣ್ಣ, ನೀವೂ ಬನ್ನಿ. ಟಾರ್ಚ್ ಕೊಡಲ್ಲ, ಸಂಜೆ ಬೊಡ್ಡೆ ಆರಿಸೋ ಪಾಳಿಗೆ ಜನ ಕಡಿಮೆ ಇದ್ದಾರೆ.

ಹುಬ್ಬಳ್ಳಿಯಾಂವ · ಗುರುವಾರ ಬೆಳಿಗ್ಗೆ 8:31

ಸಲಿಕಿ ನಿಮ್ಮದಾದ್ರ ಬರ್ತೀನಿ. ದಿನಾ ಯಾವುದು ಹೇಳ್ರಿ.